ಸಬ್ಸಿಡಿ ದುಡ್ಡು ಬರುತ್ತದೆ, ಬರದಿದ್ದರೆ ಯಾಕೆ ಅಂತ ಮಾತ್ರ ಯಾರೂ ಹೇಳುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ರೈತರ ಖಾತೆಗೆ ಸರ್ಕಾರ ದುಡ್ಡು ಹಾಕುವ ವ್ಯವಸ್ಥೆಗೆ ನನ್ನ ಲೆಕ್ಕದಲ್ಲಿ 5ಕ್ಕೆ 3 ಸ್ಟಾರ್. ದುಡ್ಡು ಖಾತೆಗೆ ತಲುಪುವ ರೀತಿಗೆ ಮನಸಾರೆ 4 ಕೊಡುತ್ತೇನೆ. ಆದರೆ ಅದೇ ದುಡ್ಡು ಒಂದು ಕಂತು ನಿಂತುಹೋದರೆ, ಯಾಕೆ ನಿಂತಿತು ಅಂತ ತಿಳಿದುಕೊಳ್ಳಲು ರೈತ ಪಡುವ ಪಾಡಿಗೆ ಒಂದು ಸ್ಟಾರ್ ಕೂಡ ಜಾಸ್ತಿಯೇ.

ನಾನು ಹೇಳುತ್ತಿರುವುದು ಕೇಂದ್ರ ಸರ್ಕಾರ ರೈತರಿಗೆ ಕಂತಿನಲ್ಲಿ ಹಾಕುವ ಪಿಎಂ ಕಿಸಾನ್, ಬೆಳೆ ಪರಿಹಾರ, ಬೆಳೆ ವಿಮೆ, ರೈತ ಸಂಪರ್ಕ ಕೇಂದ್ರದ ಸಹಾಯಧನ ಎಲ್ಲವನ್ನೂ ಸೇರಿಸಿ. ನಮ್ಮದು ಚಿತ್ರದುರ್ಗ ಜಿಲ್ಲೆ, ಮಳೆ ನಂಬಿಕೊಂಡ ಶೇಂಗಾ ಸೀಮೆ. ಇಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಹೆಸರು, ಸರ್ಕಾರದ ದುಡ್ಡು. ಬೀದಿಯಲ್ಲಿ ಯಾರ ಫೋನಿಗೆ ಮೆಸೇಜ್ ಬಂದರೂ, ಬರದಿದ್ದರೂ, 'ಸ್ವಲ್ಪ ನೋಡಪ್ಪಾ' ಅಂತ ನನ್ನ ಹತ್ತಿರ ಬರುತ್ತಾರೆ. ಹೀಗೆ ಹತ್ತಾರು ಮನೆಯವರದ್ದು ನೋಡಿ ನೋಡಿ ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ.

ಒಳ್ಳೆಯದನ್ನೇ ಮೊದಲು ಹೇಳೋಣ. ಪಿಎಂ ಕಿಸಾನ್ 2019ರ ಫೆಬ್ರವರಿಯಲ್ಲಿ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಮೊದಲು 2 ಹೆಕ್ಟೇರ್ ಒಳಗಿನವರಿಗೆ ಅಂದರು, ಅದೇ ವರ್ಷ ಆ ಮಿತಿ ತೆಗೆದರು. ಈ ದುಡ್ಡಿಗೆ ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಿಲ್ಲ. ಚೆಕ್ ಇಲ್ಲ, ಸಹಿ ಇಲ್ಲ, 'ಸ್ವಲ್ಪ ನೋಡ್ಕೊಳ್ರಿ' ಅನ್ನುವ ಮಧ್ಯದವರು ಇಲ್ಲ. ಹಿಂದೆ ಪರಿಹಾರದ ಚೆಕ್ ಬಂದರೆ ಅದು ಯಾರ ಟೇಬಲ್ ಮೇಲಿದೆ ಅಂತ ಹುಡುಕುವುದೇ ಒಂದು ಕೆಲಸವಾಗಿತ್ತು. ಆ ಕಾಲ ಕಂಡವರಿಗೆ ಇದರ ಬೆಲೆ ಗೊತ್ತು. ಇವತ್ತಿಗೂ ಕಂತು ಬಿದ್ದ ದಿನ ಊರಲ್ಲಿ ಒಂದಷ್ಟು ಮುಖಗಳು ಅರಳುವುದನ್ನು ನೋಡುತ್ತೇನೆ. ಖುಷಿಯಾಗುತ್ತದೆ.

2,000 ರೂಪಾಯಿ ಎಷ್ಟು ದುಡ್ಡು ಅಂತ ಪಟ್ಟಣದವರು ಕೇಳುತ್ತಾರೆ. ಡಿಎಪಿ ಗೊಬ್ಬರದ ಚೀಲ 1,350, ಯೂರಿಯಾ ಚೀಲ 266 ಚಿಲ್ಲರೆ. ಒಂದು ಡಿಎಪಿ, ಎರಡು ಯೂರಿಯಾ ತಂದರೆ ಕಂತು ಹೆಚ್ಚುಕಮ್ಮಿ ಮುಗಿಯಿತು, ಟೆಂಪೋ ಬಾಡಿಗೆ ಕೈಯಿಂದ ಹಾಕಬೇಕು. ಆದರೂ ಬಿತ್ತನೆ ಹೊತ್ತಲ್ಲಿ ಬಂದರೆ ಅಷ್ಟರ ಮಟ್ಟಿಗೆ ಸಾಲ ತಪ್ಪುತ್ತದೆ, ಅಲ್ವಾ? ಬಡ್ಡಿಗೆ ತಂದವರಿಗೆ ಕೇಳಿ ಅದರ ಸುಖ. 2019ರಲ್ಲಿ 6,000 ಇದ್ದದ್ದು ಆಮೇಲೆ ಹೆಚ್ಚಾಗಲಿಲ್ಲ ಅನ್ನುವುದು ನನ್ನ ತಕರಾರು. ಕೂಲಿ, ಡೀಸೆಲ್, ಬೀಜ ಯಾವುದೂ 2019ರ ರೇಟಿನಲ್ಲಿ ಸಿಗುವುದಿಲ್ಲ. ಯಡಿಯೂರಪ್ಪ ಸರ್ಕಾರ ಇದರ ಮೇಲೆ ರಾಜ್ಯದಿಂದ 4,000 ಸೇರಿಸಿ ವರ್ಷಕ್ಕೆ 10,000 ಮಾಡಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಆ 4,000 ನಿಂತಿತು. ಯಾವ ಪಕ್ಷದವರು ಕೊಟ್ಟರು, ಯಾವ ಪಕ್ಷದವರು ನಿಲ್ಲಿಸಿದರು ಅನ್ನುವುದು ನನಗೆ ಬೇಕಿಲ್ಲ. ನಿಲ್ಲಿಸುವಾಗ ಒಂದು ಮೆಸೇಜ್ ಹಾಕಬಹುದಿತ್ತು. ಎಷ್ಟೋ ಜನ ಇನ್ನೂ 'ಆ ಇನ್ನೊಂದು ಕಂತು ಯಾವಾಗ' ಅಂತ ಕೇಳುತ್ತಾರೆ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ.

ಪಿಎಂ ಕಿಸಾನ್‌ಗೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಾತ್ರಿ ಮಾಡುವುದು, ಕಡ್ಡಾಯ. ನಮ್ಮ ಚಿಕ್ಕಮ್ಮನ ಆಧಾರ್‌ಗೆ ಇರುವ ಫೋನ್ ನಂಬರ್ ಯಾವ ಕಾಲದ್ದೋ, ಆ ಸಿಮ್ಮೇ ಇಲ್ಲ, ಒಟಿಪಿ ಎಲ್ಲಿಂದ ಬರಬೇಕು? ಸರಿ ಅಂತ ಬೆರಳಚ್ಚು ಕೊಡಲು ಸೆಂಟರಿಗೆ ಕರೆದುಕೊಂಡು ಹೋದೆ. ಹೆಬ್ಬೆರಳು ಇಟ್ಟರು, ಮಿಷನ್ನಿನಲ್ಲಿ ಕೆಂಪು. ತೋರುಬೆರಳು ಇಟ್ಟರು, ಮತ್ತೆ ಕೆಂಪು. ಸೆಂಟರ್ ಹುಡುಗ ಒಳ್ಳೆಯವನು. ಅಂಗಿ ತುದಿಯಿಂದ ಆ ಗಾಜು ಒರೆಸಿ, 'ಅಮ್ಮಾ, ಸ್ವಲ್ಪ ಒತ್ತಿ ಹಿಡೀರಿ' ಅಂತ ಒಂದೊಂದೇ ಬೆರಳು ಇಡಿಸಿದ. ಚಿಕ್ಕಮ್ಮನ ಬೆರಳ ತುದಿ ನಾನು ಅವತ್ತೇ ಸರಿಯಾಗಿ ನೋಡಿದ್ದು. ಗೆರೆಗಳೇ ಇಲ್ಲ. ಎಷ್ಟೋ ವರ್ಷ ಶೇಂಗಾ ಗಿಡ ಕಿತ್ತು, ಕಾಯಿ ಬಿಡಿಸಿ, ಬೆರಳ ತುದಿ ಹಂಚಿನ ಹಾಗೆ ನುಣ್ಣಗಾಗಿದೆ. 'ಇದ್ಯಾಕಪ್ಪಾ ನನ್ನ ಒಪ್ತಾ ಇಲ್ಲ, ನಾನೇನು ಬೇರೆಯೋರ ದುಡ್ಡು ಕೇಳಾಕ್ ಬಂದಿದೀನಾ' ಅಂದರು. ಅಲ್ಲಿದ್ದವರೆಲ್ಲ ಸುಮ್ಮನಾದರು. ಹೊಲದ ಕೆಲಸ ಮಾಡಿದ್ದಕ್ಕೆ ಬೆರಳು ಸವೆದಿದೆ, ಬೆರಳು ಸವೆದಿದ್ದಕ್ಕೆ ರೈತರ ದುಡ್ಡು ಇಲ್ಲ. ಇದನ್ನು ಯೋಚಿಸಿ ಮಾಡಿದವರು ಯಾರು ಅಂತ ನನಗೆ ನಿಜವಾಗಲೂ ಕೋಪ ಬಂತು.

ಇದಕ್ಕೆ ಪರಿಹಾರ ಇದೆ, ಅದನ್ನೂ ಹೇಳಬೇಕು. 2023ರಿಂದ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಇ-ಕೆವೈಸಿ ಮಾಡಬಹುದು. ಒಟಿಪಿ ಬೇಡ, ಬೆರಳು ಬೇಡ. ಮನೆ ಅಂಗಳದಲ್ಲಿ ಬೆಳಕಿಗೆ ಕೂರಿಸಿ ನನ್ನ ಫೋನಿನಲ್ಲೇ ಮಾಡಿದೆ, ಆಯಿತು. ತುಂಬಾ ಒಳ್ಳೆಯ ಸೌಲಭ್ಯ. ಆದರೆ ಸೆಂಟರಿನಲ್ಲಿ ಅದರ ಬಗ್ಗೆ ಒಂದು ಚೀಟಿ ಅಂಟಿಸಿರಲಿಲ್ಲ. ಪಂಚಾಯ್ತಿ ಗೋಡೆ ಮೇಲೂ ಇರಲಿಲ್ಲ. ಫೋನ್ ಗೊತ್ತಿರುವ ಮಕ್ಕಳು ಮನೆಯಲ್ಲಿ ಇಲ್ಲದವರು ಏನು ಮಾಡಬೇಕು?

ಇನ್ನು ಸ್ಟೇಟಸ್ ನೋಡುವ ಪುಟ. ಅಲ್ಲಿ ಮುಖ್ಯವಾಗಿ ಮೂರು ಸಾಲು ನೋಡಬೇಕು: ಇ-ಕೆವೈಸಿ ಆಗಿದೆಯಾ, ಜಮೀನಿನ ದಾಖಲೆ ಜೋಡಣೆ ಆಗಿದೆಯಾ, ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ. ಮೂರಕ್ಕೂ ಹಸಿರು ಗುರುತು ಇದ್ದರೆ ದುಡ್ಡು ಬರಬೇಕು. ಇಷ್ಟು ಚೆನ್ನಾಗಿದೆ, ಯಾರಿಗೆ ಬೇಕಾದರೂ ಹೇಳಿಕೊಡಬಹುದು. ಕೆಳಗಡೆ ಬರುವ ಸಾಲು ನೋಡಿ: 'ಎಫ್‌ಟಿಒ ಈಸ್ ಜನರೇಟೆಡ್ ಆ್ಯಂಡ್ ಪೇಮೆಂಟ್ ಕನ್ಫರ್ಮೇಶನ್ ಈಸ್ ಪೆಂಡಿಂಗ್'. ಅರವತ್ತು ವರ್ಷದ ರೈತನಿಗೆ ಇದನ್ನು ಏನಂತ ಓದಿ ಹೇಳುವುದು? 'ದುಡ್ಡು ಕಳಿಸಲು ಆದೇಶ ಆಗಿದೆ, ಬ್ಯಾಂಕಿನಿಂದ ಖಾತ್ರಿ ಬಂದಿಲ್ಲ' ಅಂತ ಕನ್ನಡದಲ್ಲಿ ಒಂದು ಸಾಲು ಬರೆದರೆ ಊರಲ್ಲಿ ಅರ್ಧ ಗಲಾಟೆ ಕಡಿಮೆಯಾಗುತ್ತದೆ.

ಬ್ಯಾಂಕ್ ಖಾತೆ ಬಗ್ಗೆ ಒಂದು ಮಾತು, ಯಾಕಂದರೆ ಜನ ಹೆಚ್ಚು ಏಟು ತಿನ್ನುವುದು ಇಲ್ಲೇ. ದುಡ್ಡು ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಅಂತ ತಿಳಿದುಕೊಳ್ಳಬೇಡಿ. ಆಧಾರ್ ಮೇಲೆ ಬರುವ ದುಡ್ಡು, ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಣೆ ಮಾಡಿದ್ದೀರೋ ಅಲ್ಲಿಗೆ ಹೋಗುತ್ತದೆ. ನಮ್ಮ ಬೀದಿಯ ಒಬ್ಬ ಅಣ್ಣನಿಗೆ ಕಂತು ಬರುತ್ತಿಲ್ಲ ಅಂತ ತಿಂಗಳುಗಟ್ಟಲೆ ಗೋಳು. ಬ್ಯಾಂಕಿನವರು 'ನಮಗೆ ಬಂದಿಲ್ಲ' ಅಂತಾರೆ, ಆಫೀಸಿನವರು 'ನಾವು ಕಳಿಸಿದ್ದೇವೆ' ಅಂತಾರೆ. ಇಬ್ಬರೂ ಹೇಳಿದ್ದು ಸತ್ಯವೇ. ಕೊನೆಗೆ ನೋಡಿದರೆ ಸಿಮ್ ತೆಗೆದುಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿ ಮೊಬೈಲಿನಲ್ಲೇ ತೆರೆದ ಯಾವುದೋ ಖಾತೆಯಲ್ಲಿ ದುಡ್ಡು ಕೂತಿತ್ತು. 'ಡಿಬಿಟಿ ಕರ್ನಾಟಕ' ಅನ್ನುವ ಆ್ಯಪ್ ಹಾಕಿಕೊಳ್ಳಿ. ಯಾವ ಯೋಜನೆಯ ದುಡ್ಡು, ಯಾವ ತಾರೀಕು, ಯಾವ ಬ್ಯಾಂಕಿಗೆ ಅಂತ ತೋರಿಸುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾದ ಒಂದು ವಸ್ತು ಅಂದರೆ ಅದೇ.

ರಾಜ್ಯದ ಕಡೆಯಿಂದ ಎಲ್ಲದಕ್ಕೂ ಬುಡ ರೈತರ ಮತ್ತು ಅವರ ಜಮೀನಿನ ವಿವರ ಇರುವ ಫ್ರೂಟ್ಸ್ ತಂತ್ರಾಂಶ. ಅಲ್ಲಿ ನೋಂದಾಯಿಸಿದರೆ ರೈತನ ಗುರುತಿಗೆ ಒಂದು ಎಫ್‌ಐಡಿ ನಂಬರ್ ಸಿಗುತ್ತದೆ. ಬೀಜಕ್ಕೂ ಅದೇ, ಸ್ಪ್ರಿಂಕ್ಲರಿಗೂ ಅದೇ, ಪರಿಹಾರಕ್ಕೂ ಅದೇ, ಸೊಸೈಟಿ ಸಾಲಕ್ಕೂ ಅದನ್ನೇ ಕೇಳುತ್ತಾರೆ. ಪ್ರತಿ ಸಲ ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಮಾಡಿಸಿ ಮಾಡಿಸಿ ಕೊಡುವುದು ತಪ್ಪಿತು. ಆದರೆ ಎಫ್‌ಐಡಿ ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಅದರೊಳಗೆ ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿದೆಯಾ ನೋಡಿಸಿ. ಮೂರು ಕಡೆ ತುಂಡು ತುಂಡು ಜಮೀನು ಇರುವವರಿಗೆ ಒಂದೇ ಸೇರಿರುತ್ತದೆ, ಮಿಕ್ಕಿದ್ದು ಹೊರಗೆ ಉಳಿದಿರುತ್ತದೆ. ಪರಿಹಾರ ಬಂದಾಗ ಸೇರಿರುವಷ್ಟಕ್ಕೇ ಬರುತ್ತದೆ.

2023ರ ಬರ ಇದನ್ನು ಎಲ್ಲರಿಗೂ ಕಲಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಶೇಂಗಾ ಹೂವಿಗೆ ಬಂದಾಗ ಮಳೆ ಇಲ್ಲ, ಕಾಯಿ ಕಟ್ಟುವಾಗ ಇಲ್ಲ. ಕೇಂದ್ರದ ದುಡ್ಡು ಬರಲಿಲ್ಲ ಅಂತ ರಾಜ್ಯ ಸರ್ಕಾರ ಮೊದಲು ಒಬ್ಬ ರೈತನಿಗೆ 2,000ದವರೆಗೆ ಹಾಕಿತು. ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 18,171 ಕೋಟಿ ಕೇಳಿದ್ದಕ್ಕೆ 2024ರ ಏಪ್ರಿಲ್ ಕೊನೆಗೆ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ನಮ್ಮ ಖಾತೆಗೆ ಬರುವ ಹೊತ್ತಿಗೆ ಮುಂದಿನ ಮುಂಗಾರಿಗೆ ಜನ ಹೊಲ ಹದ ಮಾಡುತ್ತಿದ್ದರು. ಬೆಳೆ ಹೋಗಿದ್ದು ಒಂದು ವರ್ಷ, ದುಡ್ಡು ಬಂದಿದ್ದು ಇನ್ನೊಂದು ವರ್ಷ. ಈ ನಡುವಿನ ತಿಂಗಳುಗಳಲ್ಲಿ ರೈತ ದನ ಮಾರುತ್ತಾನೆ, ಕೈಸಾಲ ಮಾಡುತ್ತಾನೆ, ಮಕ್ಕಳನ್ನು ಬೆಂಗಳೂರಿಗೆ ಕೆಲಸಕ್ಕೆ ಕಳಿಸುತ್ತಾನೆ. ಪರಿಹಾರ ಅನ್ನಿಸಿಕೊಳ್ಳಬೇಕಾದರೆ ಅದು ಆ ತಿಂಗಳುಗಳಲ್ಲಿ ಬರಬೇಕು.

ಮೊತ್ತದ ಲೆಕ್ಕ ಹೇಳುತ್ತೇನೆ. ಆಗಿನ ನಿಯಮದಂತೆ ಶೇಕಡಾ 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹೋಗಿದ್ದರೆ, ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ತೋಟದ ಬೆಳೆಗೆ 22,500, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ನಮ್ಮ ಕಡೆ ಬಹುಪಾಲು ಮೊದಲನೇ ಲೆಕ್ಕವೇ. ಎಕರೆಗೆ ಹಾಕಿದರೆ 3,400 ಚಿಲ್ಲರೆ, ಗುಂಟೆಗೆ 86 ರೂಪಾಯಿ. ಬಿತ್ತನೆ ಶೇಂಗಾದ ಖರ್ಚೂ ಪೂರ್ತಿ ಹುಟ್ಟುವುದಿಲ್ಲ, ಉಳುಮೆ, ಕೂಲಿ, ಗೊಬ್ಬರ ಆ ಕಡೆ ಇರಲಿ.

ಅಷ್ಟು ಬಂದದ್ದೂ ಕೆಲವರ ಕೈಗೆ ಸಿಗಲಿಲ್ಲ. ನಮ್ಮ ದೊಡ್ಡಪ್ಪನ ಖಾತೆ ಇರುವ ಬ್ಯಾಂಕಿನಲ್ಲಿ ಪರಿಹಾರದ ದುಡ್ಡನ್ನು ಹಳೆಯ ಬೆಳೆ ಸಾಲಕ್ಕೆ ಮುರಿದುಕೊಂಡರು. ಪಾಸ್‌ಬುಕ್ಕಿನಲ್ಲಿ ಒಂದು ಸಾಲಿನಲ್ಲಿ ಜಮೆ, ಅದರ ಕೆಳಗಿನ ಸಾಲಿನಲ್ಲೇ ಖರ್ಚು. ಪರಿಹಾರದ ದುಡ್ಡನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬಾರದು ಅಂತ ಮುಖ್ಯಮಂತ್ರಿಗಳೇ ಆಗ ಸೂಚನೆ ಕೊಟ್ಟಿದ್ದರು. ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿಕೊಂಡು ಹೋಗಿ ತೋರಿಸಿದ ಮೇಲೆ, ಮೇಲಿನವರಿಗೆ ಅರ್ಜಿ ಬರೆದ ಮೇಲೆ ವಾಪಸ್ ಹಾಕಿದರು. ನಿಮ್ಮಲ್ಲೂ ಹೀಗೆ ಆದರೆ ಸುಮ್ನೆ ಬರಬೇಡಿ. ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ, ತಹಶೀಲ್ದಾರರಿಗೂ ಒಂದು ಪ್ರತಿ ಕೊಡಿ.

ಬೆಳೆ ಸಮೀಕ್ಷೆ ಅಂತ ಇನ್ನೊಂದಿದೆ. ರೈತರೇ ಆ್ಯಪ್‌ನಲ್ಲಿ ತಮ್ಮ ಹೊಲದ ಫೋಟೋ ತೆಗೆದು ಬೆಳೆ ದಾಖಲಿಸಬಹುದು, ಇಲ್ಲದಿದ್ದರೆ ಊರಿನ ಖಾಸಗಿ ನಿವಾಸಿ ಅಂತ ಗೊತ್ತು ಮಾಡಿದ ಹುಡುಗರು ಬಂದು ಮಾಡುತ್ತಾರೆ. ಅವರಿಗೆ ಕೊಡುವುದೇ ಪ್ಲಾಟಿಗೆ ಒಂದಿಷ್ಟು ಅಂತ, ಹಾಗಾಗಿ ಬಿಸಿಲಲ್ಲಿ ಓಡಿ ಓಡಿ ಮಾಡುತ್ತಾರೆ. ಪಕ್ಕದ ಬದುವಿನಲ್ಲಿ ನಿಂತು ಫೋಟೋ ತೆಗೆದರೆ ಶೇಂಗಾ ಹೊಲ ತೊಗರಿ ಆಗುತ್ತದೆ, ತಡವಾಗಿ ಬಿತ್ತಿದ ಹೊಲ ಪಾಳು ಅಂತ ಆಗುತ್ತದೆ. ಅಕ್ಕಡಿ ಸಾಲು ಹಾಕುವವರು ನಾವು, ಶೇಂಗಾ ಮಧ್ಯೆ ತೊಗರಿ ಇದ್ದೇ ಇರುತ್ತದೆ. ಯಾವುದು ಮುಖ್ಯ ಬೆಳೆ ಅಂತ ಬರೆದರು ಅನ್ನುವುದರ ಮೇಲೆ ಆ ವರ್ಷದ ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲಾ ನಿಂತಿದೆ. ವಿಮೆ ಕಟ್ಟಿದ್ದು ಶೇಂಗಾಕ್ಕೆ, ಸಮೀಕ್ಷೆಯಲ್ಲಿ ಇರುವುದು ತೊಗರಿ ಅಂದರೆ ವಿಮೆ ತಿರಸ್ಕಾರ. 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದರೆ ಯಾವ ಬೆಳೆ ಬರೆದಿದ್ದಾರೆ, ಯಾವ ಫೋಟೋ ಹಾಕಿದ್ದಾರೆ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ಅದಕ್ಕೆ ಕೊನೆ ತಾರೀಕು ಇರುತ್ತದೆ. ದಯವಿಟ್ಟು ನೋಡಿ. ಬೆಳೆ ಹೊಲದಲ್ಲಿ ಇರುವಾಗಲೇ ನೋಡಿ, ಕಿತ್ತ ಮೇಲೆ ಏನು ತೋರಿಸುತ್ತೀರಿ?

ವಿಮೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮುಂಗಾರು ಆಹಾರ ಬೆಳೆ, ಎಣ್ಣೆಕಾಳಿಗೆ ರೈತ ಕಟ್ಟುವುದು ವಿಮೆ ಮೊತ್ತದ ಶೇಕಡಾ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5. ಮಿಕ್ಕಿದ್ದು ಸರ್ಕಾರಗಳು ಹಾಕುತ್ತವೆ. ಕಟ್ಟುವುದು ಒಳ್ಳೆಯದೇ, ನಾವೂ ಕಟ್ಟುತ್ತೇವೆ. ಆದರೆ ನಿಮ್ಮ ಹೊಲ ಒಣಗಿದ ಮಾತ್ರಕ್ಕೆ ವಿಮೆ ಬರುವುದಿಲ್ಲ. ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯ್ತಿಯನ್ನು ಒಂದು ಘಟಕ ಅಂತ ಹಿಡಿದು, ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿಯ ಸರಾಸರಿ ತೆಗೆಯುತ್ತಾರೆ, ವಿಮೆ ನಿಂತಿರುವುದು ಆ ಸರಾಸರಿ ಮೇಲೆ. ಆ ನಾಲ್ಕರಲ್ಲಿ ಎರಡು ಕೆರೆ ಕೆಳಗಿನ ಹೊಲ ಆಗಿಬಿಟ್ಟರೆ ಗುಡ್ಡದ ಪಕ್ಕದವರ ಕಥೆ ಮುಗಿಯಿತು. ಆಲಿಕಲ್ಲು, ನೆರೆ, ಭೂಕುಸಿತದಂಥ ಕೆಲವು ಕಾರಣಕ್ಕೆ ನಿಮ್ಮೊಬ್ಬರ ಹೊಲ ಹೋದರೆ ಮಾತ್ರ 72 ಗಂಟೆಯೊಳಗೆ ತಿಳಿಸಿ ಬೇರೆಯಾಗಿ ಕೇಳಬಹುದು. ಇದನ್ನು ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಯಾರೂ ಬಿಡಿಸಿ ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗುವುದು ಪಹಣಿ ವಿಷಯಕ್ಕೆ. ಈ ಎಲ್ಲಾ ದುಡ್ಡು ಹೋಗುವುದು ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರಿಗೆ. ನಮ್ಮ ಕಡೆ ಲೆಕ್ಕವಿಲ್ಲದಷ್ಟು ಪಹಣಿಗಳು ಇನ್ನೂ ಅಜ್ಜನ ಹೆಸರಿನಲ್ಲಿವೆ. ಅಜ್ಜ ತೀರಿಕೊಂಡು ಮೊಮ್ಮಕ್ಕಳಿಗೆ ಮದುವೆಯಾಗಿದೆ, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ. ಯಾಕೆ ಆಗಿಲ್ಲ? ಮರಣ ಪ್ರಮಾಣಪತ್ರ ಆ ಕಾಲದಲ್ಲಿ ಮಾಡಿಸಿಲ್ಲ. ವಂಶವೃಕ್ಷಕ್ಕೆ ಎಲ್ಲರೂ ಬರಬೇಕು, ಒಬ್ಬ ಶಿವಮೊಗ್ಗದಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬನಿಗೂ ಮನೆಗೂ ಮಾತಿಲ್ಲ. ಹೊಲ ಉಳುತ್ತಿರುವವನು ಮಾತ್ರ ಊರಲ್ಲಿ ಇದ್ದಾನೆ, ಅವನ ಹೆಸರು ಎಲ್ಲೂ ಇಲ್ಲ. ಅವನಿಗೆ ಎಫ್‌ಐಡಿ ಇಲ್ಲ, ಪಿಎಂ ಕಿಸಾನ್ ಇಲ್ಲ, ಪರಿಹಾರ ಇಲ್ಲ, ಸಬ್ಸಿಡಿ ಬೀಜವೂ ಕಷ್ಟ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರು ಮಾಡಿ ಗ್ರಾಮ ಆಡಳಿತ ಅಧಿಕಾರಿಗಳನ್ನು ಮನೆ ಬಾಗಿಲಿಗೆ ಕಳಿಸಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಅದಕ್ಕೆ ಕೈ ಮುಗಿಯುತ್ತೇನೆ. ಯಾರ ಮನೆಯಲ್ಲಿ ಇನ್ನೂ ಬಾಕಿ ಇದೆಯೋ ಅವರು ಅಣ್ಣ ತಮ್ಮಂದಿರ ಜಗಳ ಪಕ್ಕಕ್ಕಿಟ್ಟು ಮೊದಲು ಅದನ್ನು ಮಾಡಿಸಿಕೊಳ್ಳಿ.

ಹೆಂಗಸರ ಪಾಡು ಇನ್ನೂ ಒಂದು ತೂಕ ಜಾಸ್ತಿ. ನಮ್ಮೂರಲ್ಲಿ ಕಳೆ ಕೀಳುವುದು, ಬೀಜ ಹಾಕುವುದು, ಕಾಯಿ ಬಿಡಿಸುವುದು ಎಲ್ಲಾ ಅವರದೇ. ಪಹಣಿಯಲ್ಲಿ ಅವರ ಹೆಸರು ಬರುವುದು ಗಂಡ ಹೋದ ಮೇಲೆ. ಗುತ್ತಿಗೆಗೋ, ಬೆಳೆಯಲ್ಲಿ ಪಾಲು ಕೊಡುವ ಕೋರಿಗೋ ಬೇರೆಯವರ ಹೊಲ ಮಾಡುವವರಿಗಂತೂ ಪಿಎಂ ಕಿಸಾನ್‌ನಲ್ಲಿ ಜಾಗವೇ ಇಲ್ಲ. ಬೀಜ ಅವನದು, ಗೊಬ್ಬರ ಅವನದು, ಮಳೆ ಕೈಕೊಟ್ಟರೆ ನಷ್ಟ ಅವನದು, ಪರಿಹಾರ ಮಾತ್ರ ಪಟ್ಟಣದಲ್ಲಿರುವ ಜಮೀನಿನ ಯಜಮಾನರ ಖಾತೆಗೆ. ಒಳ್ಳೆಯ ಯಜಮಾನರು ಕರೆದು ಕೊಡುತ್ತಾರೆ, ನೋಡಿದ್ದೇನೆ. ಕೊಡದವರನ್ನು ಕೇಳಿದರೆ ಮುಂದಿನ ವರ್ಷ ಹೊಲ ಸಿಗುವುದಿಲ್ಲ. ಉಳುವವನ ಹೆಸರು ಬೆಳೆ ಸಮೀಕ್ಷೆಯಲ್ಲಾದರೂ ದಾಖಲಾಗಬೇಕು, ಪರಿಹಾರದಲ್ಲಿ ಅವನಿಗೆ ಪಾಲು ಬರಬೇಕು. ಇದನ್ನು ಬಿಟ್ಟು ಎಷ್ಟು ಆ್ಯಪ್ ಮಾಡಿದರೂ ನನ್ನ ಕಡೆಯಿಂದ 4 ಸ್ಟಾರ್ ಬರುವುದಿಲ್ಲ.

ಹೋಬಳಿಯ ರೈತ ಸಂಪರ್ಕ ಕೇಂದ್ರದ ಬಗ್ಗೆ ಹೆಚ್ಚು ದೂರಿಲ್ಲ. ಬಿತ್ತನೆ ಬೀಜಕ್ಕೆ ಸಾಮಾನ್ಯ ವರ್ಗಕ್ಕೆ ಅರ್ಧ ದರದವರೆಗೆ, ಪರಿಶಿಷ್ಟರಿಗೆ ಮುಕ್ಕಾಲು ಪಾಲಿನವರೆಗೆ ಸಹಾಯಧನ ಇದೆ. ಸ್ಪ್ರಿಂಕ್ಲರ್ ಪೈಪಿಗೆ ಶೇಕಡಾ 90. ಪೈಪು ಗಟ್ಟಿಯಾಗಿದೆ, ವರ್ಷಗಟ್ಟಲೆ ಬಾಳುತ್ತದೆ. ಅರ್ಜಿ ಹಾಕಿದವರು ಜಾಸ್ತಿ, ಬಂದ ಸೆಟ್ಟು ಕಡಿಮೆ. ಮುಂಗಾರು ಶುರುವಲ್ಲಿ ಬೆಳಗಿನ ಜಾವವೇ ಸಾಲು. ಇರುವ ಒಬ್ಬಿಬ್ಬರು ಸಿಬ್ಬಂದಿ ಬೀಜವನ್ನೂ ಕೊಡಬೇಕು, ಕಂಪ್ಯೂಟರನ್ನೂ ನೋಡಬೇಕು, ಹೊಲಕ್ಕೂ ಬರಬೇಕು. ಅವರ ಮೇಲೆ ಕೂಗಾಡುವುದರಲ್ಲಿ ಅರ್ಥ ಇಲ್ಲ. ಹೆಸರು ತಪ್ಪಿದ್ದರೆ ತಿದ್ದುವ ಅಧಿಕಾರ ಅವರಿಗೆ ಇಲ್ಲ, ದುಡ್ಡು ಯಾಕೆ ನಿಂತಿದೆ ಅಂತ ಅವರ ಪರದೆಯಲ್ಲೂ ಪೂರ್ತಿ ಕಾಣುವುದಿಲ್ಲ. 'ಮೇಲಿಂದ ಆಗಬೇಕು ಯಜಮಾನ್ರೇ' ಅಂತಾರೆ. ಪಹಣಿಯಲ್ಲಿ 'ತಿಪ್ಪೇಸ್ವಾಮಿ ಬಿನ್ ಲೇಟ್ ಓಬಳಪ್ಪ' ಅಂತ ಇದ್ದು ಆಧಾರ್‌ನಲ್ಲಿ ಬರೀ 'ತಿಪ್ಪೇಸ್ವಾಮಿ ಓ' ಅಂತ ಇದ್ದರೆ, ಊರಿಗೆಲ್ಲ ಗೊತ್ತಿರುವ ಮನುಷ್ಯ ಎದುರಿಗೇ ನಿಂತಿದ್ದರೂ ಅವರು ಏನೂ ಮಾಡಲಾಗುವುದಿಲ್ಲ.

ಹಾಗಾಗಿ ನಾನು ಇಲಾಖೆಗೆ ಕೇಳುವುದು ಇಷ್ಟು. ಕಂತು ನಿಂತರೆ, ಯಾವ ಕಾರಣಕ್ಕೆ ನಿಂತಿತು, ಯಾವ ಆಫೀಸಿಗೆ ಯಾವ ಕಾಗದ ತೆಗೆದುಕೊಂಡು ಹೋಗಬೇಕು ಅಂತ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ. ದುಡ್ಡು ಬಂದಾಗ ಕಳಿಸುತ್ತೀರಲ್ಲ, ಹಾಗೆಯೇ. ಮತ್ತೆ ಹೋಬಳಿಯಲ್ಲಿ ವಾರಕ್ಕೆ ಒಂದು ದಿನ ಕಂದಾಯದವರು, ಕೃಷಿಯವರು, ಬ್ಯಾಂಕಿನವರು ಒಂದೇ ಕೋಣೆಯಲ್ಲಿ ಕೂತು, ಹೆಸರು ಮತ್ತು ಸರ್ವೆ ನಂಬರ್ ತಪ್ಪನ್ನು ಅಲ್ಲೇ ತಿದ್ದಿಕೊಡುವ ಹಾಗೆ ಮಾಡಿ. ಅಲ್ಲಿಯವರೆಗೆ ಊರಿನ ಹುಡುಗ ಹುಡುಗಿಯರು ಯಾರಿಗೆ ಫೋನ್ ಚೆನ್ನಾಗಿ ಗೊತ್ತೋ ಅವರು, ಮುಂಗಾರು ಬಿತ್ತನೆಗೆ ಮೊದಲೇ ಅಕ್ಕಪಕ್ಕದ ಮನೆಯ ಎಫ್‌ಐಡಿ ಒಮ್ಮೆ ತೆಗೆದು ಎಲ್ಲಾ ಸರ್ವೆ ನಂಬರ್ ಸೇರಿದೆಯಾ ನೋಡಿಕೊಡಿ.